ಶರೀಫರ ಹಾಡಿಗೆ ಗಿಟಾರು

ತಪ್ಪೊಪ್ಪಿಗೆಯಿಂದ ಲೇಖನವನ್ನು ಆರಂಭಿಸುವುದು ಪಂಡಿತರ ಪದ್ಧತಿಯಲ್ಲ. ಆದರೂ ಈ ವಿಷಯದಲ್ಲಿ ನನಗೆ ಬೇರೆ ದಾರಿ ಕಾಣದು. 2010ರ ಸುಮಾರಿನಲ್ಲಿ, ಬೆಂಗಳೂರಿನ ಬನಶಂಕರಿಯ ಕಡೆಯ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಪಾಠ ಹೇಳುತ್ತಿದ್ದಾಗ, ವಾರ್ಷಿಕೋತ್ಸವದ ಹಾಡುಗಳನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹತ್ತನೆಯ ತರಗತಿಯ ಒಬ್ಬ ಹುಡುಗ ಗಿಟಾರನ್ನು ಹೆಗಲಿಗೇರಿಸಿಕೊಂಡು ಬಂದು ‘ಗುಡುಗುಡಿಯ ಸೇದಿ ನೋಡೋ’ ಎಂಬ ಪದವನ್ನು ಎತ್ತಿಕೊಂಡ. ಪಲ್ಲವಿ ಮುಗಿಯುವಷ್ಟರಲ್ಲೇ ನಾನು ಕೈಯೆತ್ತಿ ನಿಲ್ಲಿಸಿದೆ. ‘ಇದು ಯಾರ ಹಾಡಪ್ಪ?’ ಎಂದು ಕೇಳಿದೆ. ‘ರಘು ದೀಕ್ಷಿತ್ ಅವರದು ಸಾರ್’ ಎಂದ. ಶಿಶುನಾಳ ಶರೀಫರ ಹೆಸರನ್ನೇ ಅರಿಯದ ಬಾಯಲ್ಲಿ ಶರೀಫರ ಪದ! ನನಗೆ ಸಿಟ್ಟು ಬಂತು. ಹತ್ತು ನಿಮಿಷ ಶರೀಫರ ವಿಚಾರವಾಗಿ ಉಪನ್ಯಾಸ ಕೊಟ್ಟು, ತತ್ತ್ವಪದಕ್ಕೆ ರಾಕ್ ಸಂಗೀತ ಒಗ್ಗುವುದಿಲ್ಲವೆಂದು ತೀರ್ಪು ಹೇಳಿ, ಅವನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದೆ. ಹುಡುಗ ಎದುರಾಡಲಿಲ್ಲ. ಗಿಟಾರನ್ನು ಅದರ ಚೀಲಕ್ಕೆ ಇಳಿಸುತ್ತ, ‘ನೀವು ಅವರ ಕಾನ್ಸರ್ಟಿಗೆ ಹೋಗಿದ್ದೀರಾ ಸಾರ್?’ ಎಂದು ಮಾತ್ರ ಕೇಳಿದ.

ನಾನು ಹೋಗಿರಲಿಲ್ಲ. ಮೇಳವನ್ನು ಕಂಡಿರಲಿಲ್ಲ, ಮುದ್ರಿಕೆಯನ್ನೂ ಕೇಳಿರಲಿಲ್ಲ. ಪ್ರತಿಯನ್ನು ಬಿಚ್ಚಿ ನೋಡದೆಯೇ ಪಾಠವನ್ನು ತಿರಸ್ಕರಿಸುವ ಸಂಪಾದಕನನ್ನು ನಮ್ಮ ಗುರುಗಳು ಏನೆಂದು ಕರೆಯುತ್ತಿದ್ದರೋ ಅದನ್ನು ಇಲ್ಲಿ ಅಚ್ಚು ಹಾಕಿಸುವಂತಿಲ್ಲ.

ಈ ಹಾಡುಗಳ ಚರಿತ್ರೆಯನ್ನು ವಾಚಕರ ಮುಂದೆ ಸ್ವಲ್ಪ ಹರಡಬೇಕು. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ದೇಹ ಬಿಟ್ಟರು. ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳ ಅವರ ಊರು. ಕಳಸದ ಗೋವಿಂದಭಟ್ಟರು ಅವರ ಗುರು. ಭಾರತದಲ್ಲಿ ಮೊತ್ತಮೊದಲು ಗ್ರಾಮಫೋನಿಗೆ ಹಾಡುಗಳನ್ನು ಮುದ್ರಿಸಿಕೊಂಡದ್ದು 1902ರಲ್ಲಿ. ಅಂದರೆ ಶರೀಫರ ಕಂಠ ಹೇಗಿತ್ತು, ಯಾವ ಪದವನ್ನು ಯಾವ ಮಟ್ಟಿನಲ್ಲಿ ಹಾಡುತ್ತಿದ್ದರು ಎಂಬುದಕ್ಕೆ ಸಾಕ್ಷಿ ಉಳಿಯುವ ಸಂಭವವೇ ಇರಲಿಲ್ಲ. ಪದಗಳು ಉಳಿದದ್ದು ಜನರ ಬಾಯಿಂದ ಬಾಯಿಗೆ. ಒಂದೂರಿನ ಭಜನೆಯವರು ಹಾಡುವ ನುಡಿ ಇನ್ನೊಂದೂರಿನಲ್ಲಿ ಇಲ್ಲ. ಇಲ್ಲಿ ಮೂರನೆಯದಾದ ನುಡಿ ಅಲ್ಲಿ ಎರಡನೆಯದು.

ನಾನೂ ಆ ಸೀಮೆಯವನೇ. ಚಿಕ್ಕಂದಿನಲ್ಲಿ ನಮ್ಮೂರ ಗುಡಿಯ ಕಟ್ಟೆಯ ಮೇಲೆ ಸೋಮವಾರದ ಭಜನೆಗೆ ಶರೀಫಜ್ಜನ ಪದಗಳಿಲ್ಲದೆ ನಡೆಯುತ್ತಿರಲಿಲ್ಲ. ಏಕತಾರಿ, ದಮ್ಮಡಿ, ತಾಳ, ಜೊತೆಗೊಂದು ಹಳೆಯ ಪೇಟಿ. ಪೇಟಿಯೆಂದರೆ ಹಾರ್ಮೋನಿಯಂ. ಅದನ್ನು ನುಡಿಸುತ್ತಿದ್ದ ಹಿರಿಯರನ್ನು ನಾವೆಲ್ಲ ಪೇಟಿ ಕಾಕಾ ಎನ್ನುತ್ತಿದ್ದೆವು. ಅಷ್ಟರಲ್ಲಿ ಧ್ವನಿಸುರುಳಿಗಳ ಕಾಲ ಬಂತು. ಕನ್ನಡದಲ್ಲಿ ಭಾವಗೀತೆಗಳ ಮೊದಲ ಧ್ವನಿಸುರುಳಿ ‘ನಿತ್ಯೋತ್ಸವ’ ಹೊರಬಂದದ್ದು 1978ರಲ್ಲಿ; ನಿಸಾರ್ ಅಹಮದರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ. ಆಮೇಲೆ ಶ್ರೀ ಸಿ. ಅಶ್ವತ್ಥ್ ಅವರು ಶರೀಫರ ಪದಗಳನ್ನು ಕೈಗೆತ್ತಿಕೊಂಡರು. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಸಂಗೀತ ಕಟ್ಟಿದವರು ಅವರು. ನಮ್ಮೂರ ಚಹಾದಂಗಡಿಯಲ್ಲಿ ಆ ಸುರುಳಿ ಮೊದಲ ಬಾರಿಗೆ ತಿರುಗಿದ ದಿನ ಪೇಟಿ ಕಾಕಾ ಬೀಡಿ ಆರಿಸಿ ಪೂರ್ತಿ ಕೇಳಿದರು. ಕೊನೆಗೆ, ‘ಅಲ್ಲೋ ತಮ್ಮಾ, ಇದು ಅಜ್ಜನ ಪದ ಅಲ್ಲ, ಸಿನಿಮಾದವರ ಪದ’ ಎಂದು ಎದ್ದು ಹೋದರು. ನನಗಾಗ ಹದಿನಾರೋ ಹದಿನೇಳೋ ವಯಸ್ಸು. ನನಗಂತೂ ಅಶ್ವತ್ಥರ ದನಿ ಮೈಮೇಲೆ ಮುಳ್ಳು ತರಿಸಿತ್ತು. ಕಾಕಾನದು ಮುದುಕರ ಹಟ ಎಂದುಕೊಂಡೆ.

ಈ ಪತ್ರಿಕೆ ರೇಡಿಯೋ ನಿಲಯದ್ದು. ಆದ್ದರಿಂದ ಒಂದು ಮಾತನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಕಾಕಾ ಅಷ್ಟು ಶುದ್ಧವೆಂದು ನಂಬಿದ್ದ ಆ ಪೇಟಿ ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಿಂದ ಬಂದ ವಾದ್ಯ. ನಮ್ಮ ಗಮಕಗಳನ್ನು ಅದು ನುಡಿಸಲಾರದು, ನಮ್ಮ ಶ್ರುತಿಗಳನ್ನು ಕೆಡಿಸುತ್ತದೆ ಎಂಬ ಕಾರಣಕ್ಕಾಗಿ 1940ರ ಮಾರ್ಚಿಯಲ್ಲಿ ಆಕಾಶವಾಣಿಯೇ ಅದನ್ನು ತನ್ನ ನಿಲಯಗಳಿಂದ ಹೊರಗಟ್ಟಿತು. ಮೂವತ್ತು ವರ್ಷ ಕಳೆದ ಮೇಲೆ, 1971ರ ಹೊತ್ತಿಗೆ, ಆ ನಿಷೇಧ ಸಡಿಲವಾಯಿತು. ಅಷ್ಟು ಕಾಲವೂ ಹಳ್ಳಿಯ ಭಜನೆಗಳಲ್ಲಿ, ಕಂಪನಿ ನಾಟಕಗಳಲ್ಲಿ ಪೇಟಿ ಯಾರ ಅಪ್ಪಣೆಗೂ ಕಾಯದೆ ನುಡಿಯುತ್ತಲೇ ಇತ್ತು. ಪಿಟೀಲಿನ ಕಥೆಯೂ ಇಂಥದೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯೂರೋಪಿಯನ್ನರಿಂದ ಕಲಿತು ಅದನ್ನು ನಮ್ಮ ಸಂಗೀತಕ್ಕೆ ತಂದರು. ಇಂದು ಪಿಟೀಲಿಲ್ಲದ ಕಛೇರಿಯೇ ಅಪರೂಪ. ಒಬ್ಬ ದೀಕ್ಷಿತರು ಪಿಟೀಲು ತಂದರು, ಇನ್ನೊಬ್ಬ ದೀಕ್ಷಿತರು ಗಿಟಾರು ತಂದರು ಎಂದು ನಾನು ಶಿಕ್ಷಕರ ಕೊಠಡಿಯಲ್ಲಿ ಹೇಳಿದಾಗ ಸಂಗೀತದ ಮೇಡಂ ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದರು.

ಈ ಎರಡನೆಯ ದೀಕ್ಷಿತರ ವಿಚಾರಕ್ಕೆ ಬರೋಣ. ಶ್ರೀ ರಘು ದೀಕ್ಷಿತ್ ಅವರು 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ., ಅದರಲ್ಲಿ ಚಿನ್ನದ ಪದಕ. ಇನ್ನೊಂದು ಕಡೆ ಭರತನಾಟ್ಯದ ಕ್ರಮಬದ್ಧ ಶಿಕ್ಷಣ. ಭರತನಾಟ್ಯವನ್ನು ಹಾಸ್ಯ ಮಾಡಿದ ಸಹಪಾಠಿಯೊಬ್ಬನೊಡನೆ ಪಂಥ ಕಟ್ಟಿ ಗಿಟಾರು ಕಲಿತೆ ಎಂದು ಅವರೇ ಹೇಳಿಕೊಂಡಿದ್ದಾರೆ. 1998ರಲ್ಲಿ ‘ಅಂತರಾಗ್ನಿ’ ಎಂಬ ಮೇಳ ಕಟ್ಟಿದರು. ಮುಂದೆ ಅದು ಒಡೆದು ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ಹೆಸರಿನಲ್ಲಿ ಮತ್ತೆ ಕೂಡಿತು. ಪ್ರಾಜೆಕ್ಟ್ ಎಂಬ ಮಾತು ನಮ್ಮ ಮಕ್ಕಳು ಥರ್ಮೋಕೋಲಿನಲ್ಲಿ ಮಾಡಿ ತರುವ ಜ್ವಾಲಾಮುಖಿಯನ್ನು ನೆನಪಿಗೆ ತರುತ್ತದೆ. ಆದರೆ ಇಲ್ಲಿ ಅದಕ್ಕೊಂದು ಅರ್ಥವಿದೆ. ವಾದ್ಯಗಾರರು ಬರುತ್ತಾರೆ, ಹೋಗುತ್ತಾರೆ. ಬಾಗಿಲು ತೆರೆದೇ ಇರುತ್ತದೆ. ಊರ ಭಜನೆಯ ಮೇಳವೂ ಹಾಗೆಯೇ ಅಲ್ಲವೆ?

ಹಲವು ವರ್ಷಗಳ ಅಲೆದಾಟದ ಬಳಿಕ 2008ರಲ್ಲಿ ಅವರ ಮೊದಲ ಮುದ್ರಿಕೆ ಹೊರಬಂತು. ಮುಂಬಯಿಯ ಚಿತ್ರ ಸಂಗೀತಗಾರರಾದ ವಿಶಾಲ್ ಮತ್ತು ಶೇಖರ್ ಅದನ್ನು ಹೊರತಂದರು. ಒಟ್ಟು ಎಂಟು ಹಾಡುಗಳು, ಮೂರು ಭಾಷೆಗಳು. ಹಿಂದಿಯದೇ ಮೇಲುಗೈ. ಕನ್ನಡದ ಪಾಲಿಗೆ ಬಂದ ಎರಡೂ ಶರೀಫರವು: ‘ಗುಡುಗುಡಿಯ’ ಮತ್ತು ‘ಸೋರುತಿಹುದು’. ಈ ಎರಡನೆಯ ಪದದ ಹೆಸರನ್ನು ಅವರು ‘ಮನಿಯ ಮಾಳಿಗಿ’ ಎಂದೇ ಉಳಿಸಿಕೊಂಡಿದ್ದಾರೆ, ‘ಮನೆಯ ಮಾಳಿಗೆ’ ಎಂದು ತಿದ್ದಿಲ್ಲ. ಮೈಸೂರಿನ ಬಾಯಿ ಧಾರವಾಡದ ಕಡೆಯ ಉಚ್ಚಾರಕ್ಕೆ ತಲೆಬಾಗಿದ್ದು ಸಣ್ಣ ಸಂಗತಿಯಲ್ಲ. ಆ ಹುಡುಗನಿಗೆ ಉಪನ್ಯಾಸ ಕೊಡುವ ಮೊದಲು ನಾನು ಇದಿಷ್ಟನ್ನಾದರೂ ತಿಳಿದಿರಬೇಕಾಗಿತ್ತು.

ಮುದ್ರಿಕೆಯ ಬಗ್ಗೆ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಹಿಂದಿಯ ಹಾಡುಗಳಲ್ಲಿ ಮೈಸೂರಿನಿಂದ ಬಂದ ಹುಡುಗಿಯನ್ನು ಕುರಿತದ್ದು ಚೆಲುವಾಗಿದೆ. ಮಿಕ್ಕವುಗಳಲ್ಲಿ ಕೆಲವು ಒಂದು ಸಲ ಕೇಳಿದರೆ ಸಾಕು. ಇಂಗ್ಲಿಷಿನವುಗಳನ್ನು ಕುರಿತು ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಶರೀಫರ ಎರಡು ಪದಗಳು ಮಾತ್ರ ಆ ತಟ್ಟೆಯಲ್ಲಿ ಬೇರೆಯೇ ಕಾಂತಿಯಿಂದ ಕೂತಿವೆ. ಗುಡುಗುಡಿಯೆಂದರೆ ಹುಕ್ಕಾ. ಈ ದೇಹವೇ ಅದರ ಬುರುಡೆ. ಮನಸ್ಸಿನ ಸಂಚಿಯನ್ನು ಬಿಚ್ಚಿ, ಮೋಹವೆಂಬ ಭಂಗಿಯನ್ನು ಕೊಚ್ಚಿ, ಚಿಲುಮೆಗೆ ತುಂಬಿ ಸುಟ್ಟು ಸೇದು ಎನ್ನುತ್ತಾರೆ ಶರೀಫರು. ನಶೆಯ ಮಾತಿನಲ್ಲೇ ನಶೆಯನ್ನು ಬಿಡಿಸುವ ಯುಕ್ತಿ ಅದು. ಮುದ್ರಿಕೆಯಲ್ಲಿ ಈ ರೂಪಕದ ಒಂದೊಂದು ಅಕ್ಷರವೂ ಕಿವಿಗೆ ಬೀಳುತ್ತದೆ. ರಾತ್ರಿ ಉತ್ತರಪತ್ರಿಕೆ ತಿದ್ದುತ್ತ ಮೆಲ್ಲಗೆ ಹಾಕಿಕೊಂಡರೆ, ಕೆಂಪು ಶಾಯಿಯ ಲೇಖನಿ ತಾನಾಗಿ ನಿಂತುಬಿಡುತ್ತದೆ.

ಮೇಳವನ್ನು ಎದುರಿಗೆ ಕೇಳಿದ್ದು ಆಮೇಲೆ, ನಮ್ಮ ದಕ್ಷಿಣದ ಬಡಾವಣೆಗಳ ನಡುವಿನ ಒಂದು ಬಯಲಿನಲ್ಲಿ. ವೇದಿಕೆಯ ಮೇಲೆ ಒಂದು ಗಂಟೆಯ ಹೊತ್ತು ಬರೀ ‘ಚೆಕ್, ಚೆಕ್’ ಎನ್ನುತ್ತಿದ್ದರು. ನಮ್ಮ ವಿದ್ವಾಂಸರು ತಂಬೂರಿ ಶ್ರುತಿ ಮಾಡಿಕೊಳ್ಳುವುದಕ್ಕೆ ಬೇಸರಪಡುವ ಇಂದಿನ ಯುವಕರು ಇದನ್ನು ಎಷ್ಟು ಸಹನೆಯಿಂದ ಕಾದರೆಂಬುದನ್ನು ನೀವು ನೋಡಬೇಕಿತ್ತು. ಬಣ್ಣಬಣ್ಣದ ಲುಂಗಿ ಉಟ್ಟು, ಬರಿಗಾಲಿಗೆ ಗೆಜ್ಜೆ ಕಟ್ಟಿ ಗಾಯಕರು ಬಂದರು. ಮೊದಲ ಪೆಟ್ಟಿಗೆ ಡೋಲಿನ ಸದ್ದು ಕಿವಿಗಲ್ಲ, ನೇರವಾಗಿ ಎದೆಗೆ ಬಡಿಯಿತು. ಅರ್ಧ ಗಂಟೆ ನನಗೆ ಒಂದು ಪದವೂ ತಿಳಿಯಲಿಲ್ಲ. ಜನರೋ ಕುಣಿಯುತ್ತಿದ್ದರು, ಗಾಯಕರು ಹಾರಿ ಎಂದರೆ ಹಾರುತ್ತಿದ್ದರು, ಹಾಡಿ ಎಂದರೆ ಹಾಡುತ್ತಿದ್ದರು. ಇದು ನನಗೆ ತಕ್ಕ ಸ್ಥಳವಲ್ಲವೆಂದು ಏಳುವಷ್ಟರಲ್ಲಿ ‘ಸೋರುತಿಹುದು’ ಬಂತು. ಪಕ್ಕದಲ್ಲಿದ್ದ ತರುಣ, ಕೊರಳಲ್ಲಿ ಕಚೇರಿಯ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು, ‘ಅಂಕಲ್, ಮಾಳಿಗಿ ಅಂದ್ರೇನು?’ ಎಂದು ಕಿವಿಯಲ್ಲಿ ಕೂಗಿದ.

ನಾನೂ ಕೂಗಿಯೇ ವಿವರಿಸಬೇಕಾಯಿತು. ನಮ್ಮ ಕಡೆ ಮನೆಗೆ ಹೆಂಚಿಲ್ಲ, ಕಾಂಕ್ರೀಟಿಲ್ಲ. ತೊಲೆ, ಜಂತಿಗಳ ಮೇಲೆ ಮಣ್ಣು ಹಾಸಿ ತುಳಿದು ಮಾಡಿದ ಮಟ್ಟಸವಾದ ಮಾಡು ಅದು. ಮಳೆಗಾಲಕ್ಕೆ ಮೊದಲು ಯಾರಾದರೂ ಹತ್ತಿ ಹೊಸ ಮಣ್ಣು ಹಾಕಬೇಕು, ಇಲಿ ತೋಡಿದ ಬಿಲ ಮುಚ್ಚಬೇಕು. ಹತ್ತುವವರಿಲ್ಲದಿದ್ದರೆ ಸೋರುತ್ತದೆ. ಶರೀಫರಿಗೆ ಆ ಮನೆ ದೇಹ, ಹತ್ತಲಾರದ ಸೋಮಾರಿತನ ಅಜ್ಞಾನ. ತರುಣ ತಲೆಯಾಡಿಸಿ, ‘ಬಿ.ಟಿ.ಎಂ.ನಲ್ಲಿ ನಮ್ಮ ಫ್ಲಾಟೂ ಸೋರುತ್ತೆ ಅಂಕಲ್, ಯಾರೂ ಮೇಲೆ ಹತ್ತಿ ನೋಡಲ್ಲ’ ಎಂದು ನಕ್ಕು ಮತ್ತೆ ಹಾಡಿಗೆ ದನಿ ಕೂಡಿಸಿದ. ಈ ಬಾರಿ ಅವನು ಹಾಡಿದ್ದು ಅರ್ಥ ತಿಳಿದು. ನನ್ನ ಮೂವತ್ತು ವರ್ಷಗಳ ಅಧ್ಯಾಪನದಲ್ಲಿ ಇಷ್ಟು ಬೇಗ ತಲೆಗೆ ಹತ್ತಿದ ಪದ್ಯಪಾಠ ಬೇರೊಂದಿಲ್ಲ.

ಅಂದು ಮನೆಗೆ ನಡೆದು ಬರುತ್ತ ನನಗೆ ಹೊಳೆದದ್ದು ಹೀಗೆ. ಓಲೆಗರಿಯ ಕಾವ್ಯವನ್ನು ಸಂಪಾದಿಸುವವರು ಸಿಕ್ಕಿದ ಪ್ರತಿಗಳಿಗೆ ‘ಕ’, ‘ಖ’, ‘ಗ’ ಎಂದು ಹೆಸರಿಟ್ಟು, ಅವುಗಳ ಪಾಠಾಂತರಗಳನ್ನು ಅಡಿಯಲ್ಲಿ ಬರೆಯುತ್ತಾರೆ. ಯಾವ ಪ್ರತಿಯೂ ಪೂರ್ತಿ ಸುಳ್ಳಲ್ಲ, ಯಾವುದೂ ಪೂರ್ತಿ ಮೂಲವಲ್ಲ. ಈ ಮೇಳದ ಮುದ್ರಿಕೆ ‘ಕ’ ಪ್ರತಿಯಾದರೆ ಬಯಲಿನ ಕಛೇರಿ ‘ಖ’ ಪ್ರತಿ. ‘ಕ’ದಲ್ಲಿ ಮಾತು ಸ್ಪಷ್ಟ, ಆದರೆ ಕೇಳುವವನು ಒಂಟಿ. ‘ಖ’ದಲ್ಲಿ ಮಾತು ಸದ್ದಿನಲ್ಲಿ ಕರಗುತ್ತದೆ, ಆದರೆ ಭಜನೆಯ ಗುಣ ಮರಳಿ ಬರುತ್ತದೆ, ಎಲ್ಲರೂ ಹಾಡುತ್ತಾರೆ. ಒಂದು ದಿನ ಪಿಟೀಲು ಮುಂದೆ ನಿಂತರೆ ಇನ್ನೊಂದು ದಿನ ಕೊಳಲು. ಒಂದು ದಿನ ಪಲ್ಲವಿಯನ್ನು ನಾಲ್ಕು ಬಾರಿ, ಇನ್ನೊಂದು ದಿನ ಹತ್ತು ಬಾರಿ. ಸಭಿಕರು ಮೊಬೈಲಿನಲ್ಲಿ ಹಿಡಿದು ಹಂಚುವ ತುಣುಕುಗಳನ್ನು ‘ಗ’ ಪ್ರತಿ ಎನ್ನಬಹುದೇನೋ. ಅದು ತೀರ ಭ್ರಷ್ಟವಾದ ಪ್ರತಿ, ಅರ್ಧಕ್ಕೇ ತುಂಡಾಗಿರುತ್ತದೆ. ಹಾಗೆ ನೋಡಿದರೆ ಅಶ್ವತ್ಥರದೂ ಒಂದು ಪ್ರತಿ, ಪೇಟಿ ಕಾಕಾನದೂ ಒಂದು ಪ್ರತಿ. ಶರೀಫರ ಸ್ವಹಸ್ತದ ಪ್ರತಿ ತನ್ನ ಕೈಯಲ್ಲೇ ಇದೆ ಎಂದು ನಂಬಿ ಕುಳಿತವರು ಕಾಕಾ ಮತ್ತು ನಾನು ಮಾತ್ರ.

ಅಶ್ವತ್ಥರ ಹೆಸರು ಬಂದಾಗ ಇನ್ನೊಂದು ವಿಷಯ. ಸಾವಿರಾರು ಜನರೆದುರು ಕನ್ನಡದ ಕವಿತೆಯನ್ನು ಹಾಡುವ ಧೈರ್ಯವನ್ನು ಗಿಟಾರಿನವರು ಹೊಸದಾಗಿ ಕಂಡುಹಿಡಿಯಲಿಲ್ಲ. 2005ರಲ್ಲಿ ಅರಮನೆ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’ ಕಾರ್ಯಕ್ರಮದಲ್ಲಿ ನಾನೂ ನಿಂತಿದ್ದೆ. ಕಣ್ಣು ಹಾಯುವ ತನಕ ತಲೆಗಳು. ರೋಲಿಂಗ್ ಸ್ಟೋನ್ಸ್ ಮೇಳ 2003ರಲ್ಲಿ ಹಾಡಿದ ಮೈದಾನವೂ ಅದೇ. ಐರನ್ ಮೇಡನ್ 2007ರಲ್ಲಿ, ಮೆಟಾಲಿಕಾ 2011ರಲ್ಲಿ ಬಂದದ್ದೂ ಅಲ್ಲಿಗೇ. ಬೆಂಗಳೂರಿನ ರಾಕ್ ಚರಿತ್ರೆ ಬರೆಯುವವರು ಆ ಮೂರನ್ನು ಬರೆದು ಅಶ್ವತ್ಥರನ್ನು ಬಿಡುತ್ತಾರೆ. ಸುಗಮ ಸಂಗೀತದ ಚರಿತ್ರೆ ಬರೆಯುವವರು ಅಶ್ವತ್ಥರನ್ನು ಬರೆದು ಮಿಕ್ಕದ್ದನ್ನು ಬಿಡುತ್ತಾರೆ. ಅಶ್ವತ್ಥರು 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ ತೀರಿಕೊಂಡರು. ಬಯಲಲ್ಲಿ ಹಾಡು ಕೇಳುವುದಂತೂ ನಮ್ಮ ದಕ್ಷಿಣದ ಬಡಾವಣೆಗಳವರಿಗೆ ಹುಟ್ಟುಗುಣ. ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಲಿಯ ರಾಮನವಮಿ ಕಛೇರಿಗಳು 1939ರಲ್ಲಿ ಆರಂಭವಾದವು. ಚಪ್ಪರದೊಳಗೆ ಜಾಗ ಸಿಗದೆ ಹೊರಗೆ ರಸ್ತೆಯ ಬದಿ ಪತ್ರಿಕೆ ಹಾಸಿಕೊಂಡು ಕೇಳಿದವರ ಮಕ್ಕಳು, ಮೊಮ್ಮಕ್ಕಳೇ ಇಂದು ಜಯನಗರ, ಜೆ.ಪಿ. ನಗರಗಳಿಂದ ಈ ಮೇಳಗಳಿಗೆ ಹೋಗುತ್ತಿದ್ದಾರೆ.

ಶ್ರೀ ದೀಕ್ಷಿತರ ಮೇಳ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡರ ದೂರದರ್ಶನ ಕಾರ್ಯಕ್ರಮದಲ್ಲಿ ಹಾಡಿತು. 2011ರಲ್ಲಿ ಲಂಡನ್ನಿನ ಸಾಂಗ್‌ಲೈನ್ಸ್ ಪತ್ರಿಕೆ ಅತ್ಯುತ್ತಮ ಹೊಸಬರೆಂದು ಪುರಸ್ಕಾರ ಕೊಟ್ಟಿತು. ಪರದೇಶದ ಮನ್ನಣೆಯ ಬಳಿಕವೇ ನಮ್ಮವರು ಕಿವಿಗೊಡುವುದು ಹಳೆಯ ರೋಗ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ಎರಡನೆಯ ಮುದ್ರಿಕೆ ‘ಜಗ್ ಚಂಗಾ’ 2013ರಲ್ಲಿ ಬಂತು. ಅದರಲ್ಲಿ ನಯಗಾರಿಕೆ ಹೆಚ್ಚು. ನನಗೆ ಮೊದಲನೆಯದರ ಒರಟುತನವೇ ಹಿತ. ಆದರೂ ಶರೀಫರ ‘ಲೋಕದ ಕಾಳಜಿ’ಯನ್ನು ಅಲ್ಲಿ ಕೇಳಲೇಬೇಕು. ಲೋಕದ ಚಿಂತೆಯನ್ನೆಲ್ಲ ತಲೆಯ ಮೇಲೆ ಹೊತ್ತವನನ್ನು ಅಜ್ಜ ಮೆಲ್ಲಗೆ ಚಿವುಟುವ ಪದ ಅದು. ನನ್ನಂಥ ಅಧ್ಯಾಪಕರನ್ನು ಎದುರಿಗಿಟ್ಟುಕೊಂಡೇ ಕಟ್ಟಿದಂತಿದೆ. ‘ಕೋಡಗನ ಕೋಳಿ ನುಂಗಿತ್ತ’ ಕೂಡ ಅದರಲ್ಲಿದೆ. ಅಲ್ಲಮನ ಬೆಡಗಿನ ವಚನಗಳ ದಾರಿಯಲ್ಲಿ ನಡೆದ ಒಗಟು ಅದು. ಕೋಡಗನೆಂದರೆ ಕೊಡಗಿನವನೇ ಸಾರ್ ಎಂದು ತರಗತಿಯಲ್ಲಿ ಒಬ್ಬ ಕೇಳಿದ. ಕೋತಿ ಕಣಪ್ಪ ಎಂದೆ. ನಕ್ಕಿದ್ದು ಸಾಕಾಗುವಷ್ಟರಲ್ಲಿ ಗಂಟೆ ಹೊಡೆಯಿತು.

ಇದೇ ಹಾದಿಯಲ್ಲಿ ‘ಸ್ವರಾತ್ಮ’ ಎಂಬ ಮೇಳವೂ ಇದೆ. ರಘು ಅವರ ತಮ್ಮಂದಿರಾದ ಶ್ರೀ ವಾಸು ದೀಕ್ಷಿತ್ ಅದರ ಗಾಯಕರು. ಅವರ ಮೊದಲ ಮುದ್ರಿಕೆ 2009ರಲ್ಲಿ ಬಂತು. ವೇದಿಕೆಯ ಮೇಲೆ ಅವರು ಜಾತ್ರೆಯ ಕೀಲುಕುದುರೆಯಂಥದೊಂದನ್ನು ಸೊಂಟಕ್ಕೆ ಕಟ್ಟಿಕೊಂಡು ಕುಣಿಯುವುದನ್ನು ಕಂಡಾಗ, ಈ ಹುಡುಗರು ಅಮೆರಿಕದಿಂದ ತಂದದ್ದಕ್ಕಿಂತ ಊರ ತೇರಿನಿಂದ ತಂದದ್ದೇ ಹೆಚ್ಚೆಂದು ತೋರಿತು.

ನನ್ನ ಆಕ್ಷೇಪಣೆಗಳೆಲ್ಲ ಕರಗಿಹೋದವೆಂದು ವಾಚಕರು ಭಾವಿಸಬಾರದು. ಒಂದು ಹಾಗೇ ಉಳಿದಿದೆ. ಕುಣಿಯುವ ಸಭೆಗೆ ಪಲ್ಲವಿಯೊಂದೇ ಬೇಕು. ನೂರಾರು ಕೊರಳು ಗುಡುಗುಡಿಯನ್ನು ಸೇದೆಂದು ಕೂಗುತ್ತವೆ. ಬುರುಡೆ ಯಾವುದು, ಭಂಗಿ ಯಾವುದು ಎಂಬುದು ನುಡಿಗಳಲ್ಲಿದೆ, ಆ ನುಡಿಗಳು ಬಂದಾಗ ಕೊರಳುಗಳು ಸುಮ್ಮನಾಗುತ್ತವೆ. ಎಷ್ಟೋ ಮಂದಿ ಅದನ್ನು ಹುಕ್ಕಾದ ಹಾಡೆಂದೇ ತಿಳಿದು ಮನೆಗೆ ಹೋಗುತ್ತಾರೆ. ಪೇಟಿ ಕಾಕಾನ ಭಜನೆಯಲ್ಲಿ ಒಂದು ನುಡಿ ಹಾಡಿ, ನಿಲ್ಲಿಸಿ, ಅರ್ಥ ಹೇಳಿ, ಮುಂದಿನ ನುಡಿಗೆ ಹೋಗುವ ಕ್ರಮವಿತ್ತು. ಆ ಬಿಡುವು ಮುದ್ರಿಕೆಯಲ್ಲೂ ಇಲ್ಲ, ಬಯಲಿನಲ್ಲೂ ಇಲ್ಲ. ಇದು ಗಾಯಕರ ತಪ್ಪೆಂದು ನಾನು ಹೇಳಲಾರೆ. ಅರ್ಥ ಹೇಳುವ ಕೆಲಸಕ್ಕೆ ಸರಕಾರದಿಂದ ಸಂಬಳ ತೆಗೆದುಕೊಳ್ಳುತ್ತಿರುವವನು ನಾನು.

ಅಂದು ಪಟ್ಟಿಯಿಂದ ಹೊಡೆದುಹಾಕಿದ ಆ ಹುಡುಗನ ವಿಳಾಸ ನನ್ನಲ್ಲಿಲ್ಲ. ಕಳೆದ ವಾರ್ಷಿಕೋತ್ಸವಕ್ಕೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಗಿಟಾರು, ಡ್ರಮ್ಮು, ಮೂವರು ಗೆಳತಿಯರೊಡನೆ ಅದೇ ಗುಡುಗುಡಿಯ ಪದವನ್ನು ತಂದಳು. ಯಾರ ಹಾಡೆಂದು ಕೇಳಿದೆ. ‘ಶರೀಫರದು ಸಾರ್, ಟ್ಯೂನ್ ರಘು ದೀಕ್ಷಿತ್ ಅವರದು’ ಎಂದಳು. ಎಷ್ಟು ನುಡಿ ಕಲಿತಿದ್ದೀಯೆ ಎಂದರೆ, ಒಂದೇ. ಮಿಕ್ಕವನ್ನೂ ಕಲಿತು, ಪ್ರತಿ ನುಡಿಗೂ ಅರ್ಥ ಹೇಳಿ ಹಾಡುವುದಾದರೆ ಒಪ್ಪಿಗೆ ಎಂದೆ. ಎರಡು ವಾರ ಮಧ್ಯಾಹ್ನದ ಊಟದ ವೇಳೆ ನನ್ನ ಬಳಿ ಕೂತು ಕಲಿತರು. ಡ್ರಮ್ಮಿನ ಹುಡುಗಿಯೇ ಎಲ್ಲರಿಗಿಂತ ಮೊದಲು ಬಾಯಿಪಾಠ ಮಾಡಿದಳು. ಒಟ್ಟು ಹನ್ನೆರಡು ನಿಮಿಷ ಬೇಕಾಯಿತು. ಅಷ್ಟು ಹೊತ್ತನ್ನು ಎಲ್ಲಿಂದ ತರುವುದೆಂದು ಮುಖ್ಯೋಪಾಧ್ಯಾಯರು ಕಾರ್ಯಕ್ರಮದ ಪಟ್ಟಿಯನ್ನು ಮೇಲೆ ಕೆಳಗೆ ನೋಡಿ, ಕನ್ನಡ ಪಂಡಿತರ ಸ್ವಾಗತ ಭಾಷಣವನ್ನು ಹೊಡೆದುಹಾಕಿದರು.